ಊದದೇ ಉಬ್ಬಿದ ಗಲ್ಲ

೧೯೮೧ರಲ್ಲಿ ನಾನು ಗದಗಿನ ಸಿವಿಲ್ ಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದೆ. ಬದುವಿನ ತಂಟೆ, ಅಣ್ಣತಮ್ಮಂದಿರ ಪಾಲು, ಅಂಗಡಿ ಖಾಲಿ ಮಾಡದ ಬಾಡಿಗೆದಾರ, ಇವೇ ನನ್ನ ನಿತ್ಯದ ಅನ್ನ. ಡಾಕ್ಟರ ಮೇಲೆ ದಾವೆ ಹೂಡಬೇಕೆಂದು ಅದುವರೆಗೆ ಯಾರೂ ನನ್ನ ಮೆಟ್ಟಿಲು ಹತ್ತಿರಲಿಲ್ಲ. ನಮ್ಮ ಕಡೆ ಆಪರೇಶನ್ ಕೆಟ್ಟರೆ ಜನ ಹಣೆಬರಹವನ್ನು ಬೈಯುತ್ತಾರೆ. ಹಣೆಬರಹಕ್ಕೆ ಸಮನ್ಸ್ ಜಾರಿ ಮಾಡುವ ವಿಧಾನವನ್ನು ನಮ್ಮ ಕಾಯಿದೆ ಇನ್ನೂ ಕಂಡುಹಿಡಿದಿಲ್ಲ.

ಮೊದಲು ಹತ್ತಿದವನು ಲಕ್ಷ್ಮೇಶ್ವರದ ಇಮಾಮಸಾಬ. ಎಂಟು ಜನರ ಮದುವೆ ಬ್ಯಾಂಡಿನ ಯಜಮಾನ, ಕ್ಲಾರಿನೆಟ್ ವಾದಕ. ಶಿರಹಟ್ಟಿ, ಮುಂಡರಗಿ ಸೀಮೆಯ ಬೀಗರು ಅವನ ಬ್ಯಾಂಡಿಲ್ಲದ ಮದುವೆಯನ್ನು ಅರ್ಧ ಮದುವೆ ಎಂದೇ ಎಣಿಸುತ್ತಿದ್ದರು. ಆ ಬೇಸಿಗೆಗೆ ಮುನ್ನ ಗದಗಿನ ಖಾಸಗಿ ಡಾಕ್ಟರೊಬ್ಬರು ಅವನಿಗೆ ಹರ್ನಿಯಾ ಆಪರೇಶನ್ ಮಾಡಿದ್ದರು. ಗಾಯ ಕೀವಾಯಿತು. ಮತ್ತೆ ಮತ್ತೆ ಹೋದರೂ ಡಾಕ್ಟರು ಗಾಯಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ ನೋಡಲಿಲ್ಲ. ಕಂಪೌಂಡರ್ ಪುಡಿ ಉದುರಿಸಿ ಕಳಿಸಿದ. ಹೊಲಿಗೆ ಬಿಟ್ಟು ಹರ್ನಿಯಾ ಮರಳಿ ಬಂತು. ಹುಬ್ಬಳ್ಳಿಯಲ್ಲಿ ಎರಡನೆಯ ಸಲ ಕೊಯ್ಯಿಸಿಕೊಂಡಾಗ ಅಲ್ಲಿಯ ಸರ್ಜನ್ ಹೇಳಿಬಿಟ್ಟರು: ಇನ್ನು ಈ ಜನ್ಮದಲ್ಲಿ ಊದುವಂತಿಲ್ಲ.

“ಹೊಟ್ಟಿ ಮ್ಯಾಲ ಹೊಡದಾರ್ರಿ ವಕೀಲ್ರ,” ಎಂದ.

ನೆಗ್ಲಿಜೆನ್ಸ್ ಎಂದರೆ ಬರೀ ಗಾಯ ಕೆಡುವುದಲ್ಲ. ಯಾವ ಡಾಕ್ಟರಾದರೂ ತೆಗೆದುಕೊಳ್ಳಬೇಕಾದ ಎಚ್ಚರಿಕೆ ತಪ್ಪಿತು, ಆ ತಪ್ಪಿನಿಂದಲೇ ಹಾನಿಯಾಯಿತು, ಇವೆರಡನ್ನೂ ಫಿರ್ಯಾದಿಯೇ ರುಜುವಾತು ಮಾಡಬೇಕು. ಇದನ್ನು ಅವನಿಗೆ ವಿವರಿಸಿ, ಇಂಗ್ಲಿಷಿನಲ್ಲಿ ಗುಡುಗುವ ನೋಟೀಸೊಂದನ್ನು ಕಳಿಸಿದೆ. ಬರೆದ ಮೇಲೆ ನನಗೇ ಅಂಜಿಕೆ ಬರುವಂತಿತ್ತು.

ಡಾಕ್ಟರು ಅಂಜಲಿಲ್ಲ. ಅವರ ವಕೀಲರ ಉತ್ತರದ ಜೊತೆ ಒಂದು ಫೋಟೋ ಬಂತು. ಡಾಕ್ಟರ ಮಗಳ ಮದುವೆ ಮೆರವಣಿಗೆ. ಮುಂಭಾಗದಲ್ಲಿ ನನ್ನ ಕಕ್ಷಿಗಾರ ಕಣ್ಣು ಮುಚ್ಚಿ, ಗಲ್ಲ ಪೂರಿಯಂತೆ ಉಬ್ಬಿಸಿ, ಕ್ಲಾರಿನೆಟ್ ಬಾಯಲ್ಲಿಟ್ಟು ನಿಂತಿದ್ದಾನೆ. ‘ಮೂರು ತಿಂಗಳು ಊದಕೂಡದೆಂದು ಹೇಳಿದ್ದರೂ ಊದಿ, ತಾನೇ ಹೊಲಿಗೆ ಹರಿದುಕೊಂಡಿದ್ದಾನೆ’ ಎಂಬುದು ಉತ್ತರದ ಸಾರ.

ಅವನನ್ನು ಕರೆಸಿ ಫೋಟೋ ಮುಂದಿಟ್ಟೆ. “ಇದೇನಪಾ ಇದು?”

“ಛಲೋ ಬಂದೈತಲ್ರಿ,” ಎಂದ.

“ಹರಕ ಹೊಟ್ಟಿ ಕಟ್ಟಿಗೊಂಡು ಅವರ ಮನಿ ಮದುವ್ಯಾಗ ಊದಾಕ ಹೋಗಿದ್ದೇನು?”

“ಆಪರೇಶನ್‌ಕ್ಕಿಂತ ಮೊದಲ ಎಲಿ ಅಡಿಕಿ ಹಿಡದಿದ್ವಿರಿ. ಹಿಡದ ಮ್ಯಾಲೆ ಹೆಂಗ ಬಿಡೂದು? ಆದ್ರ ಊದಿಲ್ರಿ. ಉಸಿರು ಬಿಟ್ರ ಜೀವ ಹೋದಂಗ ಆಗ್ತಿತ್ತು. ಗಲ್ಲ ಉಬ್ಬಿಸಿದ್ದೆ, ಅಷ್ಟ. ಊದಿದಾಂವ ಹಿಂದ ನಿಂತ ನನ್ನ ಅಳಿಯ, ದಸ್ತಗೀರ.”

ನಮ್ಮ ಕಡೆ ಎಲೆ ಅಡಿಕೆ ಹಿಡಿದರೆ ಕರಾರು ಮುಗಿಯಿತು. ಅದಕ್ಕೆ ಸ್ಟ್ಯಾಂಪ್ ಪೇಪರು ಬೇಡ, ಸಾಕ್ಷಿ ಬೇಡ. ಸಿಟ್ಟು ನುಂಗಿಕೊಂಡೆ. ಮರುಗಳಿಗೆ ಖುಷಿಯೂ ಆಯಿತು: ಊದಿಲ್ಲವೆಂದರೆ ಅವರ ಜವಾಬೇ ಬಿದ್ದುಹೋಯಿತು.

“ಇದನ್ನ ಕೋರ್ಟಿನ್ಯಾಗ ಹೇಳು. ದಸ್ತಗೀರನೂ ಹೇಳ್ಲಿ. ಆತು.”

ಇಮಾಮಸಾಬ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟ.

“ಅದೊಂದು ಬ್ಯಾಡ್ರಿ. ಎಲಿ ಅಡಿಕಿ ಹಿಡದು ಊದಲಾರದ ನಿಂತಿದ್ದೆ ಅಂತ ತುಂಬಿದ ಕಚೇರ್ಯಾಗ ಹೇಳಿದ್ರ, ಸಂಜೀಗೆ ಲಕ್ಷ್ಮೇಶ್ವರಕ್ಕ ಖಬರ ಮುಟ್ಟತೈತಿ. ಮುಂದ ನಮಗ ಯಾರು ಕೊಡ್ತಾರ್ರಿ ಎಲಿ ಅಡಿಕಿ? ನಂದು ಆತು. ಉಳದ ಏಳು ಮನಿ ಒಲಿ ಉರೀಬೇಕಲ್ರಿ.”

“ಮತ್ತ ನನ್ನ ಹತ್ರ ಯಾಕ ಬಂದಿ ಮಾರಾಯಾ?”

“ಡಾಕ್ಟರು ಬಟ್ಟಿ ಬಿಚ್ಚಿ ನೋಡಲಿಲ್ರಿ. ಯಾರರೆ ಅವರಿಗೆ ಅದನ್ನ ಹೇಳಬೇಕಿತ್ತು. ನೀವು ಹೇಳಿದ್ರಿ.”

ಬೈದೆ. ಪುಸ್ತಕ ತೆಗೆದು ತೋರಿಸಿದೆ. ಸುಳ್ಳು ಹೇಳಿ ಗೆಲ್ಲಬಯಸುವ ಕಕ್ಷಿಗಾರರನ್ನು ದಿನಾ ಕಂಡಿದ್ದ ನನಗೆ, ಖರೆ ಹೇಳಿ ಗೆಲ್ಲಲೊಲ್ಲದವನನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನು ಸಲಾಮು ಮಾಡಿ ಬಸ್ಸಿಗೆ ಹೋದ. ದಾವೆ ದಾಖಲಾಗಲೇ ಇಲ್ಲ.

ಮುಂದಿನ ಬೇಸಿಗೆ ಬೆಟಗೇರಿಯ ಮೆರವಣಿಗೆಯೊಂದರಲ್ಲಿ ಆ ಬ್ಯಾಂಡು ಕಂಡಿತು. ದಸ್ತಗೀರ ಕ್ಲಾರಿನೆಟ್ ಊದುತ್ತಿದ್ದ. ಜರಿ ಪಟ್ಟಿಯ ಕೋಟು ತೊಟ್ಟ ಇಮಾಮಸಾಬ ಅವನ ಬಗಲಲ್ಲಿ ತಾಳ ಬಡಿಯುತ್ತಿದ್ದ. ಊದುವವನು ಅಳಿಯ, ಗಲ್ಲ ಮಾತ್ರ ಇವನವೂ ಉಬ್ಬುತ್ತಿದ್ದವು.

ಅಂದಿನಿಂದ ವಕಾಲತ್ತಿಗೆ ಸಹಿ ಹಾಕಿಸುವ ಮೊದಲು ಪ್ರತಿ ಕಕ್ಷಿಗಾರನಿಗೂ ಕೇಳುತ್ತ ಬಂದೆ: “ಖರೆ ಹೇಳಿ ಗೆದ್ದ ಮ್ಯಾಲೆ ಊರಾಗ ಬಾಳುವೆ ಮಾಡಾಕ ಆಗತೈತೇನಪಾ?” ಬಹಳ ಜನ ಛತ್ರಿ ಎತ್ತಿಕೊಂಡು ಹೋದರು.