ಕಡಿತದ ಕರಡು ತಿದ್ದಿದವಳು

ಸರ್ಕಾರಿ ಮುದ್ರಣಾಲಯದ ಕರಡು ತಿದ್ದುವ ವಿಭಾಗದಲ್ಲಿ ಏಳು ಜನ ಇದ್ದರು. ಏಳರಲ್ಲಿ ಹಿರಿಯಳಾದವಳನ್ನು ಇಡೀ ಮುದ್ರಣಾಲಯ ಒತ್ತಕ್ಕ ಎಂದು ಕರೆಯುತ್ತಿತ್ತು. ಅಚ್ಚಿಗೆ ಹೋಗುವ ಹಾಳೆಯಲ್ಲಿ ಎಲ್ಲೇ ಒಂದು ಒತ್ತಕ್ಷರ ಬಿದ್ದುಹೋಗಿರಲಿ, ಅನ್ನದಲ್ಲಿನ ಕಲ್ಲು ಹಲ್ಲಿಗೆ ಸಿಗುವ ಹಾಗೆ ಅದು ಅವಳ ಕಣ್ಣಿಗೆ ಸಿಕ್ಕೇ ಸಿಗುತ್ತಿತ್ತು. ಬಸ್ಸಿನ ಟಿಕೆಟ್ಟು, ಔಷಧಿಯ ಚೀಟಿ, ತೀರಿಕೊಂಡವರ ಫೋಟೋ ಕೆಳಗಿನ ಎರಡು ಸಾಲು, ಯಾವುದನ್ನೂ ಅವಳು ಬಿಟ್ಟವಳಲ್ಲ. ನಾದಿನಿಯ ಮದುವೆಯ ಕರೆಯೋಲೆಯಲ್ಲಿ ಗಂಡಿನ ಹೆಸರಿಗೆ ಒಂದು ದೀರ್ಘ ಕಡಿಮೆ ಬಿದ್ದಿದೆಯೆಂದು ಗಂಡಿನ ತಂದೆಗೇ ಹೇಳಿ ಬಂದಿದ್ದಳು. ಇಷ್ಟೆಲ್ಲ ತಿದ್ದುವವಳು ತಾನಾಗಿ ಬಾಯಿ ಬಿಡುವುದು ಮಾತ್ರ ಅಪರೂಪ. ಓದಿ ಮುಗಿಸಿದ ಪುಸ್ತಕದಲ್ಲಿ ಏನಿತ್ತು ಎಂದು ಯಾರಾದರೂ ಕೇಳಿದರೆ, ಹದಿನೇಳು ತಪ್ಪಿತ್ತು ಎನ್ನುತ್ತಿದ್ದಳು.

ಮನೆಯ ಮಾತಿನ ಪಾಲನ್ನೆಲ್ಲ ಗಂಡ ವಹಿಸಿಕೊಂಡಿದ್ದ. ಅವನದು ಮುದ್ರಣಾಲಯದಿಂದ ಎರಡು ಬೀದಿ ಆಚೆ ಮೂರು ಕುರ್ಚಿಯ ಕ್ಷೌರದಂಗಡಿ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಸರ್ಕಾರಿ ಕಚೇರಿಗಳ ಗುಮಾಸ್ತರು. ಕತ್ತಿಗೆ ಕೊರಳು ಕೊಟ್ಟು ಕೂತವರು ಎದುರುವಾದ ಹೂಡುವುದಿಲ್ಲವಾದ್ದರಿಂದ, ದೇಶದ ಹಣಕಾಸಿನ ಬಗ್ಗೆ ಅವನಿಗಿದ್ದ ಅಭಿಪ್ರಾಯಗಳು ಅದುವರೆಗೆ ಸೋಲು ಕಂಡಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಆರ್ಥಿಕ ಹಿಂಜರಿತ ಬಂದಾಗ ಊರಿನ ಗಾಜಿನ ಕಾರ್ಖಾನೆ ಅರ್ಧ ಬಾಗಿಲು ಹಾಕಿತ್ತು. ಪೇಟೆಯಲ್ಲಿ ಎಂಟು ಅಂಗಡಿಗಳ ಶಟರ್ ಕೆಳಗೆ ಬಂದದ್ದು ಮತ್ತೆ ಮೇಲೆ ಹೋಗಲಿಲ್ಲ. ಆಗಿನ ಸರ್ಕಾರ ಸಾಲ ತಂದು ರಸ್ತೆ ಹಾಕಿಸಿತು, ಸೇತುವೆ ಕಟ್ಟಿಸಿತು, ಕೆಲಸ ಕಳಕೊಂಡವರ ಕೈಗೆ ಆರು ತಿಂಗಳು ಒಂದಿಷ್ಟು ದುಡ್ಡು ಹಾಕಿತು. ಜನ ದುಡ್ಡು ತೆಗೆದುಕೊಂಡರು, ಹೊಸ ರಸ್ತೆಯಲ್ಲೇ ನಡೆದು ಮತಗಟ್ಟೆಗೆ ಹೋದರು, ಇಷ್ಟೊಂದು ಸಾಲ ಮಾಡಿದವರನ್ನು ಮನೆಗೆ ಕಳಿಸಿ ಬಂದರು. ಗೆದ್ದ ಪಕ್ಷದ ಹಣಕಾಸು ಮಂತ್ರಿ ಹೋದಲ್ಲೆಲ್ಲ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಒಂದೇ ಗಾದೆ ಹೇಳುತ್ತಿದ್ದರು. ಕ್ಷೌರದಂಗಡಿಯವನಿಗೆ ಇದು ತನ್ನ ಕಸುಬಿನ ಮಾತಾಗಿಯೇ ಕೇಳಿಸಿತು. ಕತ್ತರಿಸಿದರೆ ತಾನೆ ಸೊಂಪಾಗಿ ಬೆಳೆಯುವುದು, ತುದಿ ಸೀಳಿದ್ದನ್ನು ಇಟ್ಟುಕೊಂಡು ಪೂಜೆ ಮಾಡುವುದೇ ಎಂದು ಬಂದ ತಲೆಗಳಿಗೆಲ್ಲ ಬೋಧಿಸಿದ. ಮನೆಯಲ್ಲೂ ಅದೇ ಪಾಠ. ಒತ್ತಕ್ಕ ಹೂಂ ಎನ್ನುತ್ತ ಪತ್ರಿಕೆಯ ಹಾಳೆ ತಿರುಗಿಸುತ್ತಿದ್ದಳು. ಅವಳ ಲೆಕ್ಕದಲ್ಲಿ ನಾಯಿ ಕಡಿತಕ್ಕೂ ವೆಚ್ಚ ಕಡಿತಕ್ಕೂ ಒಂದೇ ಕಾಗುಣಿತ. ಆಚೆಗಿನದು ತಿಳಿದವರಿಗೆ ಬಿಟ್ಟದ್ದು.

ಪ್ರತಿ ವರ್ಷ ಮುಂಗಡಪತ್ರ ಮಂಡನೆಗೆ ಮುಂಚಿನ ಆರು ದಿನ ಮುದ್ರಣಾಲಯದ ನೆಲಮಾಳಿಗೆಗೆ ಹೊರಗಿನಿಂದ ಬೀಗ ಬೀಳುತ್ತಿತ್ತು. ಒಳಗೆ ಒಟ್ಟು ಹದಿನಾಲ್ಕು ಜನ. ಮೊಬೈಲುಗಳನ್ನು ಲಕೋಟೆಗೆ ಹಾಕಿ ಸಹಿ ಮಾಡಿ ಕೊಡಬೇಕು. ಮಲಗಲು ಕಬ್ಬಿಣದ ಮಂಚ, ಊಟ ಕ್ಯಾಂಟೀನಿನ ತಳ್ಳುಗಾಡಿಯಲ್ಲಿ. ಇರುವುದು ಒಂದೇ ಫೋನು, ಅದೂ ಮಂತ್ರಿಗಳ ಕಚೇರಿಗೆ ಮಾತ್ರ. ನೌಕರರು ಇದಕ್ಕೆ ಬೀಗದ ವಾರ ಎಂದು ಹೆಸರಿಟ್ಟಿದ್ದರು. ಮಂತ್ರಿಗಳು ಸಭೆಯಲ್ಲಿ ಭಾಷಣ ಓದಲು ಎದ್ದು ನಿಂತರೆಂಬ ಸುದ್ದಿ ಬಂದಮೇಲೆಯೇ ಬಾಗಿಲು ತೆರೆಯುವುದು. ಆ ವಾರ ಗಂಡನ ಅಂಗಡಿಗೆ ವ್ಯಾಪಾರ ಜಾಸ್ತಿ. ಹೆಂಡತಿ ಒಳಗಿದ್ದಾಳೆಂದರೆ ಇವನಿಗೆ ಏನಾದರೂ ಗೊತ್ತಿದ್ದೀತೆಂದು ಕಿರಾಣಿಯವರು, ಔಷಧಿ ಅಂಗಡಿಯವರೆಲ್ಲ ಕೂದಲು ಬೆಳೆಯದಿದ್ದರೂ ಬಂದು ಕೂರುತ್ತಿದ್ದರು. ಅವನಿಗೆ ಏನೂ ಗೊತ್ತಿರುತ್ತಿರಲಿಲ್ಲ. ಆದರೂ ಬಾಚಣಿಗೆಯನ್ನು ಗಾಳಿಯಲ್ಲಿ ಹಿಡಿದು ಒಂದು ಕ್ಷಣ ಸುಮ್ಮನಾಗುವ ವಿದ್ಯೆ ಅವನಿಗೆ ಸಿದ್ಧಿಸಿತ್ತು.

ಆ ವರ್ಷ ಬೀಗದ ವಾರಕ್ಕೆ ಹಣಕಾಸು ಇಲಾಖೆಯ ಕಡೆಯಿಂದ ಬಂದವನು ಎಂದಿನ ಉಪಕಾರ್ಯದರ್ಶಿಯೇ. ನಲವತ್ತೈದರ ಆಸುಪಾಸು, ಬಕ್ಕತಲೆ, ಸಭ್ಯ. ಭಾಷಣ ಬರೆಯುವುದು ಅವನೇ, ಮಂತ್ರಿ ಯಾರೇ ಆಗಿರಲಿ. ಹಿಂದಿನ ಸರ್ಕಾರಕ್ಕೆ ಅವನು, ಇಂಥ ಹೊತ್ತಿನಲ್ಲಿ ಖರ್ಚು ಮಾಡದಿರುವುದೇ ತಪ್ಪು ಎಂದು ಬರೆದಿದ್ದ. ಈ ಸರ್ಕಾರಕ್ಕೆ, ಇಂಥ ಹೊತ್ತಿನಲ್ಲಿ ಖರ್ಚು ಮಾಡುವುದೇ ತಪ್ಪು ಎಂದು ಬರೆದಿದ್ದ. ಎರಡೂ ವಾಕ್ಯ ಒತ್ತಕ್ಕನ ಕೈಯಲ್ಲೇ ದಾಟಿಹೋಗಿದ್ದವು, ಎರಡರಲ್ಲೂ ತಪ್ಪಿರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಐವತ್ತೆರಡನೇ ಪುಟ ಅವಳ ಮೇಜಿಗೆ ಬಂತು. 'ಅನಗತ್ಯ ಹುದೆಗಳು' ಎಂದು ಅಚ್ಚಾಗಿತ್ತು. ಕೆಂಪು ಪೆನ್ನಿನಿಂದ ದಕಾರಕ್ಕೆ ಒತ್ತು ಕೊಟ್ಟು ಹುದ್ದೆಗಳನ್ನು ನೆಟ್ಟಗೆ ಮಾಡಿದಳು. ಸಾಲಿನ ಕೊನೆಗೆ ಬಂದಾಗಲೇ ಆ ಹುದ್ದೆಗಳು ಯಾರವು ಎಂಬುದು ತಲೆಗೆ ಹೋದದ್ದು. ಸರ್ಕಾರಿ ಮುದ್ರಣಾಲಯದ ಕರಡು ತಿದ್ದುವ ವಿಭಾಗವನ್ನು ಮುಚ್ಚಲಾಗುವುದು. ಆ ಕೆಲಸವನ್ನು ಇನ್ನು ಮುಂದೆ ಕಂಪ್ಯೂಟರ್ ಮಾಡುವುದು. ಇದರಿಂದ ವರ್ಷಕ್ಕೆ ನಾಲ್ಕು ಕೋಟಿ ಇಪ್ಪತ್ತು ಲಕ್ಷ ಉಳಿತಾಯ.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಅಕ್ಷರಗಳು ಇದ್ದಲ್ಲೇ ಇದ್ದವು. ನಿವೃತ್ತಿಗೆ ಇನ್ನೂ ಎಂಟು ವರ್ಷವಿತ್ತು. ಇಪ್ಪತ್ತಮೂರು ವರ್ಷ ಎಷ್ಟೋ ಜನರ ಹೊಟ್ಟೆಯ ಮೇಲೆ ಹೊಡೆಯುವ ಸಾಲುಗಳನ್ನು ಅವಳು ತಿದ್ದಿ ಚೊಕ್ಕ ಮಾಡಿ ಕಳಿಸಿದ್ದಳು. ಯಾವುದೂ ಹೀಗೆ ಮಡಿಲಿಗೇ ಬಂದು ಬಿದ್ದಿರಲಿಲ್ಲ. ಪಕ್ಕದ ಮೇಜಿನವರಿಗೆ ಹೇಳೋಣವೆಂದರೆ ಅವರೂ ಅದೇ ಏಳರಲ್ಲಿ ಒಬ್ಬರು, ಇನ್ನೂ ಹದಿನೆಂಟನೇ ಪುಟದಲ್ಲಿದ್ದರು. ಓದಿ ತಿಳಿಯಲಿ ಎಂದು ಬಿಟ್ಟಳು.

ಆಮೇಲೆ ಅನುಬಂಧ ಬಂತು. ಅದೇ ಉಳಿತಾಯ ಅಲ್ಲಿ ನಲವತ್ತೆರಡು ಲಕ್ಷ ಎಂದಿತ್ತು.

ಅವಳು ಎರಡು ಹಾಳೆಯನ್ನೂ ಮೊಣಕೈ ಕೆಳಗಿಟ್ಟುಕೊಂಡು ಒಂದು ಲೋಟ ಚಹಾ ಕುಡಿದಳು. ಸುಮ್ಮನೆ ಬಿಟ್ಟರಾಯಿತು. ಮಂತ್ರಿಗಳು ನಾಲ್ಕು ಕೋಟಿ ಎನ್ನುತ್ತಾರೆ, ವಿರೋಧ ಪಕ್ಷದವರು ಅನುಬಂಧ ಎತ್ತಿ ತೋರಿಸುತ್ತಾರೆ, ಕರಡು ತಿದ್ದುವವರು ಬೇಡವೆಂದವರ ಲೆಕ್ಕವನ್ನು ಊರೆಲ್ಲ ಆಡಿಕೊಂಡು ನಗುತ್ತದೆ. ಚಹಾ ಮುಗಿಯುವ ತನಕ ಆ ನಗುವನ್ನು ಅವಳು ಚೆನ್ನಾಗಿಯೇ ಅನುಭವಿಸಿದಳು. ಲೋಟ ಖಾಲಿಯಾದಾಗ ಎದ್ದು ಉಪಕಾರ್ಯದರ್ಶಿಯ ಮೇಜಿಗೆ ಹೋದಳು. ಇದರಲ್ಲಿ ದೊಡ್ಡತನವೇನೂ ಇರಲಿಲ್ಲ. ಕಂಡ ತಪ್ಪನ್ನು ತೋರಿಸದೆ ಇರುವುದು ಅವಳಿಗೆ ಬಂದ ಸೀನನ್ನು ತಡೆದ ಹಾಗೆ.

"ಸರ್, ಐವತ್ತೆರಡನೇ ಪುಟ ಸ್ವಲ್ಪ ನೋಡ್ತೀರಾ?"

ಪುಟ ಯಾವುದೆಂದು ನೋಡುತ್ತಲೇ ಅವನ ಬಕ್ಕತಲೆ ಹಣೆಯವರೆಗೂ ಕೆಂಪಾಯಿತು. "ಅದು ಮೇಲಿಂದ ಬಂದದ್ದಮ್ಮಾ. ನಾನು ಬರೆದಿದ್ದು ಅಷ್ಟೇ."

"ಅದಲ್ಲ ಸರ್. ಇಲ್ಲಿ ನಾಲ್ಕು ಕೋಟಿ ಚಿಲ್ಲರೆ, ಅಲ್ಲಿ ನಲವತ್ತೆರಡು ಲಕ್ಷ. ಯಾವುದು ಇಟ್ಕೊಳ್ಳಲಿ?"

ಅವನು ಎರಡನ್ನೂ ಪಕ್ಕಪಕ್ಕ ಇಟ್ಟು ತಡಕಾಡುತ್ತಿರುವಾಗ ಅವಳೇ ಹೇಳಿದಳು. "ನಮ್ಮ ಏಳು ಜನಕ್ಕೆ ನಾಲ್ಕು ಕೋಟಿ ಕೊಡ್ತಾ ಇದ್ದಿದ್ರೆ ನಾನು ಬಸ್ಸಲ್ಲಿ ನಿಂತ್ಕೊಂಡು ಬರ್ತಿರಲಿಲ್ಲ ಸರ್."

ಉಪಕಾರ್ಯದರ್ಶಿ ಫೋನಿನ ಹತ್ತಿರ ಹೋಗಿ ಬಾಯಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಮಾತಾಡಿದ. ಬರೀ ನಲವತ್ತೆರಡು ಲಕ್ಷವಾದರೆ ಮಂತ್ರಿಗಳ ಬಾಯಲ್ಲಿ ಬರುವಷ್ಟು ಘನವಾದ ಸಂಗತಿಯಲ್ಲ, ಆ ಸಾಲನ್ನು ಭಾಷಣದಿಂದ ತೆಗೆಯಿರಿ ಎಂದು ಉತ್ತರ ಬಂತು. ಒತ್ತಕ್ಕನ ಎದೆ ಒಂದು ಗಳಿಗೆ ಹಗುರಾಯಿತು. ಸಾಲು ಹೋಗುತ್ತದೆ, ವಿಭಾಗವೂ ಹೋಗುತ್ತದೆ, ಅನುಬಂಧದಲ್ಲಿ ಹಾಗೇ ಇರಲಿ ಎಂದಿದ್ದಾರೆ ಎಂದು ಅವನು ನೆಲ ನೋಡುತ್ತ ಹೇಳಿದ. ಆ ರಾತ್ರಿಯ ಊಟದಲ್ಲಿ ತನ್ನ ಪಾಲಿನ ಮೊಟ್ಟೆಯನ್ನು ಅವಳ ತಟ್ಟೆಗೆ ಇಟ್ಟ. ಅವಳು ತಿಂದಳು.

ಮಂಡನೆಯ ದಿನ ಬಾಗಿಲು ತೆರೆದಾಗ ಅವಳು ಬಟ್ಟೆಯ ಚೀಲ ಹಿಡಿದು ನೇರವಾಗಿ ಗಂಡನ ಅಂಗಡಿಗೆ ನಡೆದಳು. ಗೋಡೆಯ ಟಿವಿಯಲ್ಲಿ ಮಂತ್ರಿಗಳ ಭಾಷಣ ನಡೆದಿತ್ತು. ಕುರ್ಚಿಯಲ್ಲಿದ್ದ ಗುಮಾಸ್ತನ ಒಂದು ಕೆನ್ನೆಗೆ ಸೋಪು ಹಚ್ಚಿ ಗಂಡ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. "ನೋಡಿ, ಎರಡು ಸಾವಿರ ದಂಡದ ಹುದ್ದೆ ತೆಗೆದ್ರು. ನನ್ನ ಕೇಳಿದ್ರೆ ಇನ್ನೂ ತೆಗೀಬೇಕಿತ್ತು."

"ಅದರಲ್ಲಿ ಒಂದು ನಂದು ಕಣ್ರೀ," ಎಂದಳು ಒತ್ತಕ್ಕ ಬಾಗಿಲಲ್ಲಿ ನಿಂತು.

ಕತ್ತಿ ಗಾಳಿಯಲ್ಲೇ ನಿಂತಿತು. ಈ ಸಲ ಅದು ವಿದ್ಯೆಯಾಗಿರಲಿಲ್ಲ. "ನೀನೆಲ್ಲೋ ತಪ್ಪು ಓದಿರಬೇಕು," ಎಂದ ಗಂಡ.

"ನಾನು ತಪ್ಪು ಓದಲ್ಲ."

ಅವನು ಟಿವಿ ಆರಿಸಿದ. ಗುಮಾಸ್ತನ ಎರಡನೇ ಕೆನ್ನೆಯನ್ನು ಮುಗಿಸಿದ. ಆ ಅಂಗಡಿಯಲ್ಲಿ ಮಾತಿಲ್ಲದೆ ಮುಗಿದ ಮೊದಲ ಕ್ಷೌರ ಅದೇ ಇರಬೇಕು.

ಮೂರು ತಿಂಗಳಲ್ಲಿ ವಿಭಾಗ ಮುಚ್ಚಿತು. ಏಳು ಜನಕ್ಕೂ ಒಂದೊಂದು ಪ್ರಶಂಸಾಪತ್ರ ಕೊಟ್ಟರು. ಒತ್ತಕ್ಕ ತನ್ನದರಲ್ಲಿ ಎರಡು ತಪ್ಪು ಕಂಡು, ಪೆನ್ನು ಹುಡುಕಿ ತಿದ್ದಿಯೇ ಪೆಟ್ಟಿಗೆಗೆ ಹಾಕಿದಳು. ಮನೆಯಲ್ಲಿ ಕೂತವಳಿಗೆ ಹೊತ್ತು ಹೋಗಲಿಲ್ಲ. ಡಬ್ಬಗಳ ಮೇಲಿನ ಚೀಟಿಗಳನ್ನೆಲ್ಲ ಓದಿ ಮುಗಿಸಿದಳು.

ಅಷ್ಟರಲ್ಲಿ ಅಂಗಡಿಯೂ ಸೊರಗತೊಡಗಿತ್ತು. ಮೂರು ವಾರಕ್ಕೊಮ್ಮೆ ಬರುತ್ತಿದ್ದ ಗುಮಾಸ್ತರು ಆರು ವಾರಕ್ಕೆ ಬಂದರು, ಬಂದವರೂ ಬರೀ ಕೂದಲು ಸಾಕು, ಗಡ್ಡ ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎಂದರು. ಭತ್ಯೆ ನಿಂತಿತ್ತು, ಯಾರ ತಲೆ ಯಾವಾಗ ಉರುಳುತ್ತದೋ ಗೊತ್ತಿರಲಿಲ್ಲ. ಅಂಥ ತಲೆಗೆ ಖರ್ಚು ಮಾಡಲು ಯಾರಿಗೆ ಮನಸ್ಸು ಬಂದೀತು? ಒಂದು ಭಾನುವಾರ ಮಧ್ಯಾಹ್ನ ಗಂಡ ಖಾಲಿ ಗಲ್ಲಾ ಮುಚ್ಚಿಕೊಂಡು ಮನೆಗೆ ಬಂದು, ದೊಡ್ಡ ಸತ್ಯ ಕಂಡವನ ಹಾಗೆ ಹೆಂಡತಿಯ ಎದುರು ಕೂತ.

"ಅವರು ಉಳಿತಾಯ ಅಂತಾರಲ್ಲ, ಅದು ನನ್ನ ಗಲ್ಲಾದಿಂದ ಹೋಗಿದ್ದು ಕಣೇ. ಒಬ್ಬರ ಖರ್ಚು ಅಂದ್ರೆ ಇನ್ನೊಬ್ಬರ ಸಂಪಾದನೆ. ಯಾರೂ ಇದನ್ನ ಯೋಚನೆನೇ ಮಾಡಿಲ್ಲ ನೋಡು."

"ನಾಲ್ಕು ವರ್ಷದ ಹಿಂದೇನೇ ಅಚ್ಚು ಹಾಕಿದ್ವಿ," ಎಂದಳು ಒತ್ತಕ್ಕ. "ಹಳೇ ಸರ್ಕಾರದ ಭಾಷಣ. ನಲವತ್ತನೇ ಪುಟ."

ಆದರೆ ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ಮೂರನೇ ಕುರ್ಚಿಯಲ್ಲಿ ಯಾರೂ ಕೂರುತ್ತಿಲ್ಲ, ಅದನ್ನು ಮಾರಿ ಆ ಜಾಗಕ್ಕೆ ಒಂದು ಮೇಜು ಹಾಕಿಕೊಡಿ ಎಂದು ಅವಳು ಕೇಳಿದಳು. ಇಷ್ಟು ಉದ್ದದ ಬೇಡಿಕೆಯನ್ನು ಅವಳಿಂದ ಅವನು ಕೇಳಿದ್ದು ಮೊದಲ ಸಲವಾದ್ದರಿಂದ ಆಗಲೇ ಒಪ್ಪಿದ. ಮೊದಲು ಅವಳೊಬ್ಬಳೇ ಕೂತಳು, ಆಮೇಲೆ ಉಳಿದ ಆರು ಜನ ಒಬ್ಬೊಬ್ಬರಾಗಿ ಬಂದರು. ವಿದ್ಯಾರ್ಥಿಗಳ ಪ್ರಬಂಧ, ಶಾಲೆಯ ವಾರ್ಷಿಕ ಪುಸ್ತಕ, ಅಂಗಡಿಗಳ ಬೋರ್ಡು, ಹಸ್ತಪ್ರತಿ ಹೊತ್ತು ತಿರುಗುವ ನಿವೃತ್ತ ಮೇಷ್ಟ್ರುಗಳು. ಒಂದು ಕಡೆ ಕೂದಲು ಬೀಳುತ್ತಿತ್ತು, ಇನ್ನೊಂದು ಕಡೆ ಅನಗತ್ಯ ವಿಶೇಷಣಗಳು. ಸಂಪಾದನೆ ಹಿಂದಿನ ಸಂಬಳದ ಅರ್ಧಕ್ಕೂ ಬರಲಿಲ್ಲ. ಆದರೂ ಹೊಟ್ಟೆ ಬಟ್ಟೆಗೆ ಮೋಸವಾಗಲಿಲ್ಲ.

ಸರ್ಕಾರದ ಕಂಪ್ಯೂಟರ್ ಕಾಗುಣಿತವನ್ನೇನೋ ಚೆನ್ನಾಗಿಯೇ ನೋಡುತ್ತಿತ್ತು. ಆದರೆ ಒಂದು 'ಇಲ್ಲ' ಇಡಿಯಾಗಿ ಬಿದ್ದುಹೋದರೆ ಅದಕ್ಕೆ ಕಾಗುಣಿತದ ತಪ್ಪು ಕಾಣುವುದಾದರೂ ಹೇಗೆ? ಒಂದು ಸಲ, ಹೋಟೆಲುಗಳಿಗೆ ತೆರಿಗೆ ವಿನಾಯಿತಿ ಇರುವುದಿಲ್ಲ ಎಂಬ ಅಧಿಸೂಚನೆ, ವಿನಾಯಿತಿ ಇರುವುದು ಎಂದು ಅಚ್ಚಾಗಿ ಹೊರಬಿತ್ತು. ತಿದ್ದುಪಡಿ ಬರಲು ಹಿಡಿದ ಹನ್ನೊಂದು ದಿನ ಊರಿನ ಹೋಟೆಲುಗಳು ಕಾನೂನನ್ನು ಅಕ್ಷರಶಃ ಪಾಲಿಸಿದವು. ಬೊಕ್ಕಸಕ್ಕೆ ಮೂರು ಕೋಟಿ ನಷ್ಟ. ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ಗಂಡ ಗಿರಾಕಿಗಳಿಗೆ ಹೇಳಿದ. ಈಗ ಅವನು ಖರ್ಚಿನ ಪಕ್ಷ, ಅಷ್ಟೇ ಹುರುಪಿನಿಂದ.

ಮುಂದಿನ ಬೀಗದ ವಾರಕ್ಕೆ ಹದಿನೈದು ದಿನ ಇರುವಾಗ ಉಪಕಾರ್ಯದರ್ಶಿಯೇ ಅಂಗಡಿಗೆ ಬಂದ. ಅವನ ತಲೆ ನೋಡಿದ ಗಂಡನಿಗೆ ಇವನು ಕ್ಷೌರಕ್ಕೆ ಬಂದವನಲ್ಲ ಎಂದು ತಿಳಿಯಿತು. ಆರು ದಿನದ ಮಟ್ಟಿಗೆ ಒತ್ತಕ್ಕ ಬರಬೇಕು, ಹುದ್ದೆ ಅಂತ ಕೊಡಲು ಬರುವುದಿಲ್ಲ, ಹೊರಗಿನ ಸೇವೆ ಎಂಬ ಬಾಬ್ತಿನಲ್ಲಿ ದಿನಗೂಲಿ ಕೊಡಬಹುದು ಎಂದ. ಅವಳು ಕೈಲಿದ್ದ ಪುಟ ಮುಗಿಸಿಯೇ ತಲೆ ಎತ್ತಿದಳು. ಏಳೂ ಜನ ಬರುತ್ತೇವೆ, ದಿನಕ್ಕೆ ಹಳೆಯ ಸಂಬಳದ ಮೂರು ಪಟ್ಟು, ವರ್ಷವಿಡೀ ಹೊರಡುವ ಅಧಿಸೂಚನೆಗಳೂ ಇಲ್ಲಿಗೇ ಬರಬೇಕು ಎಂದಳು. ಅವನು ಲೆಕ್ಕ ಹಾಕಿ, ಅಮ್ಮಾ ಇದು ನಲವತ್ತೆರಡು ಲಕ್ಷದ ಹತ್ತಿರಕ್ಕೇ ಬರುತ್ತದಲ್ಲ ಎಂದ. ಬಂದರೆ ಬರಲಿ ಎಂದಳು. ಏಳು ಜನರ ಹೆಸರಿನಲ್ಲಿ ಸಣ್ಣ ಉದ್ಯಮವೆಂದು ನೋಂದಣಿ ಮಾಡಿಸಿದ ಮೇಲೆ, ನಾಲ್ಕು ದಿನದಲ್ಲಿ ಮಂಜೂರಾತಿಯೂ ಬಂತು.

ಆ ಹೊತ್ತಿಗೆ ಚುನಾವಣೆ ಹತ್ತಿರವಾಗುತ್ತಿತ್ತು, ಮಂತ್ರಿಗಳಿಗೆ ಹಾಸಿಗೆ ಸ್ವಲ್ಪ ಉದ್ದವಾದಂತೆ ಕಾಣತೊಡಗಿತ್ತು. ಹೊಸ ಭಾಷಣದ ತುಂಬ ಬೆಳವಣಿಗೆಯದೇ ಮಾತು. ಐದನೆಯ ದಿನ ಬೆಳಿಗ್ಗೆ ಒತ್ತಕ್ಕ ಒಂದು ಸಾಲಿನ ಬಳಿ ನಿಂತಳು. ಕಳೆದ ವರ್ಷದ ಕಟ್ಟುನಿಟ್ಟಿನ ಕ್ರಮಗಳ ಫಲವಾಗಿ ಸಣ್ಣ ಉದ್ಯಮಗಳಲ್ಲಿ ಹನ್ನೆರಡು ಸಾವಿರದ ಮುನ್ನೂರ ಏಳು ಹೊಸ ಉದ್ಯೋಗಗಳು ಹುಟ್ಟಿಕೊಂಡಿವೆ.

ಪುಟ ಹಿಡಿದುಕೊಂಡು ಉಪಕಾರ್ಯದರ್ಶಿಯ ಬಳಿಗೆ ಹೋದಳು. "ಸರ್, ಈ ಕೊನೇ ಏಳು ನಾವಾ?"

ಅವನು ಕನ್ನಡಕದ ಮೇಲಿಂದ ನೋಡಿದ. "ನೋಂದಣಿ ಆಗಿದೆಯಲ್ಲಮ್ಮಾ, ಎಣಿಸಿದೀವಿ. ತಪ್ಪೇನಿಲ್ಲ ಅಲ್ವಾ?"

ಅವಳು ಅಲ್ಲೇ ನಿಂತು ಆ ಸಾಲನ್ನು ಅಕ್ಷರ ಅಕ್ಷರವಾಗಿ ಮತ್ತೊಮ್ಮೆ ಓದಿದಳು. ಕೊಂಬು, ದೀರ್ಘ, ಒತ್ತು ಎಲ್ಲ ಸರಿಯಾಗಿಯೇ ಇದ್ದವು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ನೆಲಮಾಳಿಗೆಯಲ್ಲಿ ಒತ್ತಕ್ಕ ನಕ್ಕ ಸದ್ದು ಕೇಳಿ ಮುದ್ರಣಯಂತ್ರದವರು ತಿರುಗಿ ನೋಡಿದರು. ಆಮೇಲೆ ಅವಳು ಪುಟದ ಮೂಲೆಗೆ ತನ್ನ ರುಜು ಹಾಕಿ ಅದನ್ನು ಅವರ ಕೈಗೆ ಕೊಟ್ಟಳು.