ನಾನೇ ಹಾಕಿದ್ದ ಮೈಗ್ರೇನ್ ಕೋಡ್

ಕೋವಿಡ್‌ನ ಗದ್ದಲ ಅಡಗಿದ ಮರುವರ್ಷ ನಾನು ಚಾಮರಾಜನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹಿರಿಯ ಮೆಡಿಕಲ್ ಕೋಡರ್ ಆಗಿದ್ದೆ. ವೈದ್ಯರು ಬರೆಯುವ ಪ್ರತಿ ಕಾಯಿಲೆಗೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಒಂದು ಸಂಕೇತವಿರುತ್ತದೆ. ಫೈಲ್ ಓದಿ ಅದನ್ನು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ಬರಿಯ ತಲೆನೋವಾದರೆ R51, ಮೈಗ್ರೇನ್ ಆದರೆ G43. ಚುಕ್ಕೆಯ ನಂತರದ ಅಂಕಿ ಮೈಗ್ರೇನಿನ ಬಗೆಯನ್ನು ಹೇಳುತ್ತದೆ. ನೋವಿಗೆ ಮುಂಚೆ ಕಣ್ಣೆದುರು ಮಿಂಚು, ಅಂಕುಡೊಂಕು ಗೆರೆ ಕಾಣುವುದಕ್ಕೆ ‘ಔರಾ’ ಎನ್ನುತ್ತಾರೆ. ಅದಿಲ್ಲದಿದ್ದರೆ 0, ಇದ್ದರೆ 1. ಬಗೆ ಯಾವುದೆಂದು ವೈದ್ಯರು ಬರೆಯದೇ ಇದ್ದರೆ 9.

ನನ್ನಷ್ಟು ವೇಗದ ಕೋಡರ್ ಆ ವಿಭಾಗದಲ್ಲಿ ಇನ್ನೊಬ್ಬರಿರಲಿಲ್ಲ. ಸಂಕೋಚವಿಲ್ಲದೆ ಹೇಳುತ್ತೇನೆ.

ಒಂದು ಮಧ್ಯಾಹ್ನ ನಾಗರತ್ನ ಎಂಬಾಕೆಯ ಫೈಲ್ ಬಂತು. ಹೆಸರು ಬದಲಿಸಿದ್ದೇನೆ. ತೆರಕಣಾಂಬಿಯಲ್ಲಿ ಬ್ಲೌಸ್ ಹೊಲಿದು ಜೀವನ ಮಾಡುತ್ತಿದ್ದ ಇಪ್ಪತ್ತೊಂಬತ್ತರ ಹೆಣ್ಣುಮಗಳು. ತಲೆನೋವೆಂದು ಒಂದು ದಿನ ದಾಖಲಾಗಿ, ಇಂಜೆಕ್ಷನ್ ಪಡೆದು, ಆಗಷ್ಟೇ ಬಿಡುಗಡೆಯಾಗಿದ್ದಳು. ವೈದ್ಯರು ಬರೆದದ್ದು ಒಂದೇ ಪದ: ಮೈಗ್ರೇನ್. ಸೊನ್ನೆಯೋ ಒಂದೋ ತಿಳಿಯಲು ಪುಟ ತಿರುವಿದೆ. ನರ್ಸ್ ಆಕೆಯ ಮಾತನ್ನೇ ಬರೆದುಕೊಂಡಿದ್ದಳು: ‘ಬಗ್ಗಿ ಎದ್ರೆ ಕಣ್ಣು ಕತ್ಲಾಯ್ತದೆ, ಗಳಿಗೇಲಿ ಸರಿ ಓಯ್ತದೆ. ಮಲಗುದ್ರೆ ನೋವು ಜಾಸ್ತಿ.’

ಔರಾ ಗಳಿಗೆಯಲ್ಲಿ ಹೋಗುವಂಥದ್ದಲ್ಲ, ಹಲವು ನಿಮಿಷ ಇರುತ್ತದೆ. ಮೈಗ್ರೇನ್ ಇರುವವರಿಗೆ ಸಾಮಾನ್ಯವಾಗಿ ಮಲಗಿದರೆ ಹಾಯೆನಿಸುತ್ತದೆ. ಹಳೆಯ ಭೇಟಿಗಳನ್ನು ತೆರೆದೆ. ಮೊದಲ ಸಲ R51. ಮೂರು ತಿಂಗಳ ಹಿಂದಿನ ಎರಡನೇ ಸಲ G43.9. ಅದರ ಪಕ್ಕದಲ್ಲಿ ನನ್ನ ಲಾಗಿನ್ ಹೆಸರಿತ್ತು. ಅಂದಿನ ಚೀಟಿಯಲ್ಲಿ ‘ಮೈಗ್ರೇನ್’ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇತ್ತು. ಸಂಶಯವಿದ್ದಾಗ ಹೊರರೋಗಿಗೆ R51 ಮಾತ್ರ ಹಾಕಬೇಕೆಂಬುದು ನಿಯಮ. ಅವಸರದಲ್ಲಿ ನಾನು ಆ ಚಿಹ್ನೆಯನ್ನು ನುಂಗಿಹಾಕಿದ್ದೆ. ಈ ಸಲದ ವೈದ್ಯರಿಗೆ ಪರದೆಯ ಮೇಲೆ ಮೊದಲು ಕಂಡದ್ದು ನನ್ನ ಕೋಡ್.

ಫೈಲ್ ಹಿಡಿದು ವೈದ್ಯರ ಕೋಣೆಗೆ ಹೋದೆ. ಹೊರಗೆ ಸಾಲು ಇತ್ತು.

“ಡಯಾಗ್ನೋಸಿಸ್ ನನ್ನ ಕೆಲಸ, ಕೋಡ್ ನಿಮ್ಮದು ಅಲ್ವಾ ಮೇಡಂ?” ಎಂದರು, ತಲೆಯೆತ್ತದೆ.

“ಅದಕ್ಕೇ ಬಂದೆ ಸರ್. ಔರಾ ಇದೆಯೋ ಇಲ್ಲವೋ ನೀವೇ ಬರೀಬೇಕು. ಹಿಂದಿನ ಮೈಗ್ರೇನ್ ಕೋಡ್ ನನ್ನ ತಪ್ಪು, ಅದನ್ನ ನಂಬಬೇಡಿ. ಇದನ್ನೊಂದು ಓದಿ.”

ನರ್ಸ್ ಬರೆದ ಸಾಲನ್ನು ಅವರು ಎರಡು ಸಲ ಓದಿದರು. “ತಲೆಯೊಳಗೆ ಒತ್ತಡ ಏರಿರಬಹುದು, ಕಣ್ಣಿನ ನರ ನೋಡಿಸ್ಬೇಕು. ಪೇಶೆಂಟ್ ಎಲ್ಲಿ?” ಎಂದರು.

ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಗಂಡ ಶಿವಮಲ್ಲು ಎತ್ತಿದ, ಬಸ್ ಸ್ಟ್ಯಾಂಡಿನಿಂದ. “ಗುಂಡ್ಲುಪೇಟೆ ಬಸ್ ಬಂದ್ಬುಡ್ತು ಕಣಮ್ಮ. ಈಗ ನೋವು ಕಮ್ಮಿ ಅದೆ. ಬರೋ ವಾರ ಬತ್ತೀವಿ ಬುಡಿ.”

“ಹತ್ತಬೇಡಿ. ಇದು ಕಣ್ಣಿನ ವಿಷಯ. ಆಟೋ ಹಿಡಿದು ಈಗಲೇ ಬನ್ನಿ.”

ಬಂದರು. ಕಣ್ಣಿನ ವೈದ್ಯೆ ಪಾಪೆಗೆ ಔಷಧಿ ಹಾಕಿ, ಬೆಳಕು ಬಿಟ್ಟು ನೋಡಿದರು. ಎರಡೂ ಕಣ್ಣಿನ ಹಿಂದಿನ ನರ ಊದಿಕೊಂಡಿತ್ತು. ಅಂದೇ ಮೈಸೂರಿಗೆ ಕಳುಹಿಸಿದೆವು. ಅಲ್ಲಿ ಸ್ಕ್ಯಾನ್‌ನಲ್ಲಿ ಗೆಡ್ಡೆ ಕಾಣಲಿಲ್ಲ, ರಕ್ತ ಹೆಪ್ಪುಗಟ್ಟಿರಲಿಲ್ಲ. ಬೆನ್ನುಹುರಿಯ ನೀರು ತೆಗೆದು ಅಳೆದಾಗ ತಲೆಯೊಳಗಿನ ಒತ್ತಡ ವಿಪರೀತವಾಗಿತ್ತು. ಮೈಗ್ರೇನ್ ಅಲ್ಲವೇ ಅಲ್ಲ. ತಲೆಯೊಳಗೆ ಹೀಗೆ ಒತ್ತಡ ಏರುವ ಕಾಯಿಲೆಯ ಕೋಡ್ G93.2. ಹೀಗೇ ಬಿಟ್ಟರೆ ದೃಷ್ಟಿ ಶಾಶ್ವತವಾಗಿ ಹೋಗಬಹುದಿತ್ತು. ಮಾತ್ರೆ ಶುರುವಾಯಿತು, ತೂಕ ಇಳಿಸಲು ಹೇಳಿದರು.

ಐದಾರು ತಿಂಗಳ ನಂತರ ನಾಗರತ್ನ ದಾಖಲೆಯ ಪ್ರತಿ ಕೇಳಿಕೊಂಡು ನಮ್ಮ ವಿಭಾಗಕ್ಕೇ ಬಂದಳು. ಬಲಗಣ್ಣು ಪೂರ್ತಿ ಉಳಿದಿತ್ತು. ಎಡಗಣ್ಣಿನ ಅಂಚಿನ ನೋಟ ಸ್ವಲ್ಪ ಹೋಗಿತ್ತು, ಅದು ಮರಳುವಂತಿರಲಿಲ್ಲ.

“ಸೂಜಿಗೆ ದಾರ ಪೋಣಿಸ್ತೀನಿ ಕಣಕ್ಕ” ಎಂದಳು. “ಪಕ್ಕದಿಂದ ಯಾರಾರ ಬಂದ್ರೆ ಒಸಿ ತಡವಾಗಿ ಗೊತ್ತಾಯ್ತದೆ, ಅಷ್ಟೆಯ.”

ಮೊದಲು ತಪ್ಪು ಕೋಡ್ ಹಾಕಿದ್ದು ನಾನೇ ಎಂದು ಹೇಳಿದೆ. ಹೇಳಲೇಬೇಕಿತ್ತು.

“ಬಸ್ ಹತ್ತದಂಗೆ ತಡುದವ್ರೂ ನೀವೇ ಅಲ್ವಾ” ಎಂದು ಪ್ರತಿಗಳನ್ನು ಎಣಿಸಿಕೊಂಡು ಹೊರಟಳು.

ಆ ಮಾತಿನಿಂದ ಸಮಾಧಾನವಾಗಲಿಲ್ಲ ಎಂದರೆ ಸುಳ್ಳು, ಪೂರ್ತಿ ಆಯಿತೆಂದರೂ ಸುಳ್ಳೇ. ಕೋಡರ್ ಕಾಯಿಲೆಯನ್ನು ಪತ್ತೆಹಚ್ಚುವವರಲ್ಲ, ನಿಜ. ಆದರೆ ವೈದ್ಯರಿಗಿದ್ದ ಸಂಶಯವನ್ನು ಅಳಿಸುವ ಅಧಿಕಾರವೂ ಕೋಡರಿಗಿಲ್ಲ. ಅಲ್ಲಿಂದ ನಿವೃತ್ತಿಯವರೆಗೆ, ಸಂಶಯದ ಗುರುತಿದ್ದ ಒಂದು ಫೈಲನ್ನೂ ನಾನು ಕುರ್ಚಿಯಲ್ಲಿ ಕೂತೇ ಮುಗಿಸಲಿಲ್ಲ. ಎದ್ದು ಹೋಗಿ ಕೇಳಿದೆ.