ಎರಡು ನೇಪಾಳಿ ಖುಕುರಿಗಳು ಹಾಗೂ ನಮ್ಮ ಮನೆಯ ಮೆಟ್ಟುಕತ್ತಿಯ ಬಗ್ಗೆ

ತೊಂಬತ್ತರ ದಶಕದಲ್ಲಿ ನಾವು ಕತಾರ್ ದೇಶದ ದುಖಾನ್‌ನಲ್ಲಿ, ತೈಲ ಕಂಪನಿಯ ಸಿಬ್ಬಂದಿ ವಸತಿಗೃಹದಲ್ಲಿ ವಾಸವಾಗಿದ್ದಾಗ ನಡೆದ ಒಂದು ಸಂಗತಿಯನ್ನು ಓದುಗರ ಗಮನಕ್ಕೆ ತರಬಯಸುತ್ತೇನೆ. ಸಂಗತಿ ದೊಡ್ಡದಲ್ಲ, ಮೀನು ಕೊಯ್ಯುವ ಕತ್ತಿಗೆ ಸಂಬಂಧಿಸಿದ್ದು. ಮದುವೆಗೆ ಮುಂಚೆ ನಾನು ಕರಾವಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತಿದ್ದೆ. ಕಚೇರಿಯ ಪತ್ರಗಳನ್ನು ಬಿಟ್ಟರೆ ಬೇರೆ ಬರವಣಿಗೆಯ ಅಭ್ಯಾಸ ನನಗಿಲ್ಲ. ಆದುದರಿಂದ ಈ ನಿರೂಪಣೆಯಲ್ಲಿ ಲೋಪಗಳು ಕಂಡುಬಂದಲ್ಲಿ ಅವನ್ನು ನನ್ನ ಅನುಭವದ ಕೊರತೆಯೆಂದು ಪರಿಗಣಿಸಬೇಕಾಗಿ ವಿನಂತಿ.

ನಮ್ಮ ಕಡೆಯ ಹೆಂಗಸರು ಕೈಯಲ್ಲಿ ಚಾಕು ಹಿಡಿದು ಅಡುಗೆ ಮಾಡುವವರಲ್ಲ. ನಮ್ಮದು ಮೆಟ್ಟುಕತ್ತಿ. ಮಣೆಗೆ ನೆಟ್ಟ ಬಾಗಿದ ಅಲಗು ನಮ್ಮತ್ತ ಮುಖ ಮಾಡಿ ನಿಂತಿರುತ್ತದೆ; ಮಣೆಯ ಮೇಲೆ ಕಾಲಿಟ್ಟು ಒತ್ತಿ ಕುಳಿತು, ಎರಡೂ ಕೈಗಳಿಂದ ಮೀನನ್ನೋ ಸೌತೆಯನ್ನೋ ಅಲಗಿನ ಕಡೆಗೆ ತರುತ್ತೇವೆ. ನನ್ನ ತವರಿನ ಮೆಟ್ಟುಕತ್ತಿಯನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡೇ ಹೊರಟಿದ್ದೆ. ಸಾಮಾನಿನ ತೂಕ ಹೆಚ್ಚಾಯಿತೆಂದು ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸಿದಾಗ, ಯಜಮಾನರು ಉಪ್ಪಿನಕಾಯಿ ಭರಣಿಯನ್ನು ಉಳಿಸಿ ಕತ್ತಿಯನ್ನು ತೆಗೆದು ಅವರ ಅಣ್ಣನ ಕೈಗೆ ಕೊಟ್ಟರು. ಉಪ್ಪಿನಕಾಯಿ ದೋಹಾದಲ್ಲಿ ಎಲ್ಲ ಕಡೆ ಸಿಗುತ್ತಿತ್ತು. ಮೆಟ್ಟುಕತ್ತಿ ಸಿಗುತ್ತಿರಲಿಲ್ಲ. ಅಲ್ಲಿನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಕಿರಾಣಿ ಅಂಗಡಿಯವರು ಪ್ರತಿ ಸಲವೂ ಮುಂದಿನ ಕಂಟೇನರ್‌ನಲ್ಲಿ ಬರುತ್ತದೆ ಎಂದೇ ಉತ್ತರಿಸುತ್ತಿದ್ದರು. ಅಂಗಡಿಯ ಸ್ಟೀಲ್ ಚಾಕುಗಳನ್ನು ತಂದು ನೋಡಿದ್ದಾಯಿತು. ಅಂಜಲ್ ಮೀನಿನ ನಡುಮುಳ್ಳಿಗೆ ತಾಗಿದೊಡನೆ ಅವು ಬಾಗುತ್ತಿದ್ದವು.

ಹೀಗಾಗಿ ಮನೆಗೆ ಮೀನು ಬಂದಾಗಲೆಲ್ಲ ನಾನು ಪಕ್ಕದ ಮನೆಗೆ ಹೋಗುತ್ತಿದ್ದೆ. ಅಲ್ಲಿದ್ದವರು ಮಂಗಳೂರು ಕಡೆಯ ಬ್ಯಾರಿ ಹೆಂಗಸು, ನನಗಿಂತ ಹಿರಿಯರು. ಅಕ್ಕ ಎಂದೇ ಕರೆಯುತ್ತಿದ್ದೆ. ಅವರ ಬಳಿ ಊರಿನಿಂದ ತಂದ ಮೆಟ್ಟುಕತ್ತಿಯಿತ್ತು. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬುದು ಎರಡೂ ಮನೆಗಳ ನಂಬಿಕೆಯಾದ್ದರಿಂದ, ಅವರು ಅದನ್ನು ಹೊಸ್ತಿಲ ಮೇಲಿಡುತ್ತಿದ್ದರು, ನಾನು ಎತ್ತಿಕೊಳ್ಳುತ್ತಿದ್ದೆ. ಇಡುವಾಗ ಒಂದು ಮಾತು ಇದ್ದೇ ಇರುತ್ತಿತ್ತು.

"ಎಂತ ಮಾರಾಯ್ತಿ, ಇವತ್ತೂ ಮೀನಾ? ನಿನ್ನ ಗಂಡನಿಗೆ ಮೀನು ತರ್ಲಿಕ್ಕೆ ಗೊತ್ತುಂಟು, ಕತ್ತಿ ತರ್ಲಿಕ್ಕೆ ಗೊತ್ತಿಲ್ವಾ?"

ಒಂದು ವರ್ಷ ಬೇಸಿಗೆಗೆ ಅಕ್ಕನ ಗಂಡ ನಿವೃತ್ತರಾಗಿ, ಅವರ ಸಂಸಾರ ಊರಿಗೆ ಮರಳುವುದೆಂದು ನಿಶ್ಚಯವಾಯಿತು. ಹೊರಡುವ ಮುಂಚಿನ ಶುಕ್ರವಾರ ಅವರಿಗೆ ನಮ್ಮ ಮನೆಯಲ್ಲಿ ಮೀನಿನ ಊಟವೆಂದು ನಾನೇ ಆಹ್ವಾನ ಕೊಟ್ಟೆ. ಕೊಟ್ಟ ಮೇಲೆ ಇಕ್ಕಟ್ಟಿನ ಅರಿವಾಯಿತು. ಬೀಳ್ಕೊಡುವ ಊಟದ ಮೀನನ್ನು ಅತಿಥಿಯ ಮನೆಯ ಕತ್ತಿಯನ್ನೇ ಬೇಡಿ ತಂದು ಕೊಯ್ಯುವುದೆಂದರೆ ಅದಕ್ಕಿಂತ ಅವಮಾನ ಬೇರೆಯಿಲ್ಲ. ಮೇಲಾಗಿ ಅಷ್ಟರೊಳಗೆ ಅವರ ಅಡುಗೆ ಸಾಮಾನೆಲ್ಲ ಹಡಗಿನ ಪೆಟ್ಟಿಗೆ ಸೇರಲಿತ್ತು. ಬೇಡಿದರೂ ಸಿಗುವ ಖಾತ್ರಿಯಿರಲಿಲ್ಲ. ಆ ಶುಕ್ರವಾರಕ್ಕೆ ಇನ್ನೂ ಒಂದು ತಿಂಗಳಿತ್ತು; ಅದರೊಳಗೆ ನನಗೆ ನನ್ನದೇ ಆದ ಕತ್ತಿ ಬೇಕೆಂದು ಯಜಮಾನರಿಗೆ ಸ್ಪಷ್ಟವಾಗಿ ತಿಳಿಸಿದೆ.

ಅದೇ ಸಮಯಕ್ಕೆ ಅವರ ವಿಭಾಗದ ನೇಪಾಳಿ ಡ್ರೈವರ್ ರಜೆ ಮುಗಿಸಿ ಬಂದಿದ್ದ. ಕಂಬಳಿಯ ಸುರುಳಿಯೊಳಗೆ ಕೈಯಲ್ಲಿ ಬಡಿದು ಮಾಡಿದ ಎರಡು ಖುಕುರಿಗಳನ್ನು, ಅಂದರೆ ಅವರ ಕಡೆಯ ಬಾಗಿದ ಕತ್ತಿಗಳನ್ನು, ತಂದಿದ್ದ. ಒಂದನ್ನು ತಾನಿಟ್ಟುಕೊಂಡು ಒಂದನ್ನು ಮಾರುವ ಉದ್ದೇಶವಿತ್ತು; ಯಾವುದು ಬೇಕೆಂದು ಸಾಬ್ ಮೊದಲು ಆರಿಸಲಿ ಎಂದು ಎರಡನ್ನೂ ನಮ್ಮ ಮನೆಯಲ್ಲಿ ಬಿಟ್ಟುಹೋದ. ನನ್ನ ಕಷ್ಟ ಪರಿಹಾರವಾಯಿತೆಂದು ಭಾವಿಸಿದ್ದು ನನ್ನ ತಿಳಿಗೇಡಿತನ.

ಒಂದು ಖುಕುರಿ ಪೇಟೆಯದು. ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು, ಮೇಲೆ ಹೂಬಳ್ಳಿಯ ಕೆತ್ತನೆ, ಎಮ್ಮೆಕೊಂಬಿನ ಹಿಡಿ, ಹಿತ್ತಾಳೆಯ ತುದಿ. ಇನ್ನೊಂದು ಅವನ ಊರಿನದು. ಕಪ್ಪು, ಒರಟು, ಸುತ್ತಿಗೆಯ ಏಟಿನ ಗುರುತುಗಳು ಹಾಗೆಯೇ ಉಳಿದಿದ್ದವು. ಮರದ ಹಿಡಿಯನ್ನು ಎರಡೂ ಬದಿಯಿಂದ ಇಟ್ಟು ಮೊಳೆ ಹೊಡೆದು ಬಿಗಿದಿದ್ದರು. ಎರಡಕ್ಕೂ ಅವನು ಹೇಳಿದ ಬೆಲೆ ಒಂದೇ. ಯಜಮಾನರ ತಲೆ ಕೆಟ್ಟದ್ದು ಇಲ್ಲಿಯೇ. ಬೆಲೆ ಒಂದೇ ಎಂದಮೇಲೆ ಯಾವುದರ ಗುಣಮಟ್ಟ ಹೆಚ್ಚು ಎಂದು ತೀರ್ಮಾನಿಸದೆ ಕೊಳ್ಳುವುದು ನಷ್ಟವೆಂದು ಅವರು ಅಭಿಪ್ರಾಯಪಟ್ಟರು.

ತೀರ್ಮಾನಕ್ಕೆ ಸಹಾಯಕರಾಗಿ ಅವರ ಸ್ನೇಹಿತರೊಬ್ಬರು ಬಂದರು. ಅವರು ಬಾಗಲಕೋಟೆ ಕಡೆಯವರು, ಅದೇ ಕಂಪನಿಯ ಫಿಟ್ಟರ್, ಒಂಟಿಯಾಗಿ ವಾಸವಿದ್ದವರು. ನಮ್ಮ ಮನೆಯ ಚಹಾದ ಸಮಯ ಅವರಿಗೆ ಚೆನ್ನಾಗಿ ತಿಳಿದಿತ್ತು.

"ವೈನಿ, ಚಾ ಆತೇನ್ರಿ?" ಎನ್ನುತ್ತಲೇ ಒಳಗೆ ಬಂದು ಕಪ್ಪು ಖುಕುರಿಯನ್ನು ಉಗುರಿನಿಂದ ಮೀಟಿದರು. "ಕೇಳ್ರಿ ಇದರ ಸದ್ದು. ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಮಾಡ್ಯಾರ. ನಮ್ಮೂರ ಕಂಬಾರನೂ ಇದರಾಗ ಕೊಡ್ಲಿ ಮಾಡ್ತಾನ."

"ಆದ್ರೆ ಫಿನಿಶಿಂಗ್ ನೋಡಿ, ಫಿನಿಶಿಂಗ್," ಎಂದರು ಯಜಮಾನರು, ಹೊಳೆಯುವುದನ್ನು ಬೆಳಕಿಗೆ ಹಿಡಿದು.

"ಫಿನಿಶಿಂಗ್ ತಗೊಂಡು ನೆಕ್ಕತೀರೇನ್ರಿ?"

ಹೀಗೆ ಆರಂಭವಾದ ಪರಿಶೀಲನೆ ವಾರಗಟ್ಟಲೆ ನಡೆಯಿತು. ಮುಂಗೈಯ ಕೂದಲನ್ನು ಬೋಳಿಸಿ ನೋಡಿದರು. ನಾನು ಓದಿರದ ಪತ್ರಿಕೆಯನ್ನು ಪಟ್ಟಿ ಪಟ್ಟಿಯಾಗಿ ಸೀಳಿದರು. ಯಾವುದು ಕೈಯಲ್ಲಿ ಹಗುರ ಎಂದು ಕಣ್ಣುಮುಚ್ಚಿ ತೂಗಿದರು. ಸಾರಿಗೆಂದು ಇಟ್ಟಿದ್ದ ತೆಂಗಿನಕಾಯಿಗಳು ಮೆಟ್ಟಿಲ ಮೇಲೆ ಒಡೆದುಹೋದವು. ನೀರು ಸಹ ನನಗೆ ದಕ್ಕಲಿಲ್ಲ. ಅಲಗಿನ ಬುಡದಲ್ಲಿ ಒಂದು ಸಣ್ಣ ಕಚ್ಚು ಇರುತ್ತದೆ. ಅದು ಏಕಿದೆ ಎಂದು ಡ್ರೈವರ್‌ನನ್ನು ಕೇಳಿದಾಗ, ರಕ್ತ ಹಿಡಿಗೆ ಇಳಿಯದಿರಲಿ ಎಂದು ಅವನು ಒಂದು ಸಲ, ಅದು ಶಿವನ ಗುರುತು ಎಂದು ಇನ್ನೊಂದು ಸಲ ಹೇಳಿದ. ಎರಡರಲ್ಲಿ ಯಾವುದು ಸರಿ ಎಂಬ ಬಗ್ಗೆಯೂ ಒಂದು ಸಂಜೆ ಕಳೆಯಿತು.

ಈ ಅವಧಿಯಲ್ಲಿ ನಾನು ಒಮ್ಮೆ ಕಪ್ಪು ಖುಕುರಿಯನ್ನು ಅಡುಗೆಮನೆಗೆ ಒಯ್ದೆ. ಯಜಮಾನರು ಹಿಂದೆಯೇ ಬಂದರು.

"ಅದನ್ನೆಲ್ಲಿಗೆ ತಗೊಂಡು ಹೋಗ್ತಿ? ಮೀನಿನ ನೀರು ತಾಗಿದ್ರೆ ತುಕ್ಕು ಹಿಡೀತದೆ."

"ಮತ್ತೆ ಇದು ಯಾತಕ್ಕೆ?"

"ಅದು ಕೈಕೆಲಸದ ವಸ್ತು ಮಾರಾಯ್ತಿ. ಹಾಲ್‌ನ ಗೋಡೆಗೆ ಹಾಕುವ ಅಂತ."

ನನ್ನ ಬೇಡಿಕೆ ಕತ್ತಿಯಾಗಿತ್ತು. ಮಂಜೂರಾಗುತ್ತಿದ್ದುದು ಗೋಡೆಯ ಅಲಂಕಾರವಾಗಿತ್ತು. ಈ ವ್ಯತ್ಯಾಸವನ್ನು ಆ ದಿನದವರೆಗೂ ಯಾರೂ ನನಗೆ ತಿಳಿಸಿರಲಿಲ್ಲ. ನಾನು ಖುಕುರಿಯನ್ನು ಮೇಜಿನ ಮೇಲಿಟ್ಟು, ಪಕ್ಕದ ಮನೆಯ ಹೊಸ್ತಿಲಿಗೆ ಹೋದೆ.

"ಒಂದಲ್ಲ ಎರಡು ಕತ್ತಿ ಉಂಟಂತೆ ನಿಮ್ಮಲ್ಲಿ," ಎಂದರು ಅಕ್ಕ. "ಈಗ ನನ್ನದೂ ಸೇರಿ ಮೂರಾಯ್ತು. ಅಂಗಡಿ ಇಡ್ತೀರಾ?"

ಊಟದ ಶುಕ್ರವಾರ ಸಮೀಪಿಸಿದಾಗ ಯಜಮಾನರು ಕೊನೆಯ ಅಭಿಪ್ರಾಯಕ್ಕಾಗಿ ಎರಡೂ ಖುಕುರಿಗಳನ್ನು ಕಾರಿನಲ್ಲಿಟ್ಟುಕೊಂಡು ದೋಹಾಕ್ಕೆ ಹೋದರು. ಅಲ್ಲಿನ ಅಲ್ ಮುಂತಜಾ ಬಡಾವಣೆಯಲ್ಲಿ ಪರಿಚಯದ ವೆಲ್ಡರ್ ಒಬ್ಬನಿದ್ದ. ಆದರೆ ಅವನು ಸಿಗಲಿಲ್ಲ. ಕಾಯುತ್ತ ಇವರು ಹೋಟೆಲಿನ ತಂಪಿನಲ್ಲಿ ಕುಳಿತರು. ಕಾರು ಮಧ್ಯಾಹ್ನವೆಲ್ಲ ಬಿಸಿಲಲ್ಲಿ ನಿಂತಿತ್ತು. ಮರಳಿ ಬಂದು ನೋಡುವಾಗ ಹಿಂದಿನ ಸೀಟಿನಲ್ಲಿ ಹೊಳೆಯುವ ಖುಕುರಿಯ ಹಿಡಿ ಒಂದು ಕಡೆ, ಅಲಗು ಒಂದು ಕಡೆ. ಸೀಟಿಗೆ ಕಪ್ಪು ಅಂಟು ಮೆತ್ತಿಕೊಂಡಿತ್ತು.

ಆ ಸಂಜೆ ಡ್ರೈವರ್ ಬಂದು ನೋಡಿ ತಲೆ ತಗ್ಗಿಸಿದ. ಪೇಟೆಯ ಖುಕುರಿಯ ಅಲಗಿಗೆ ತೆಳುವಾದ ಬಾಲವೊಂದಿರುತ್ತದೆ, ಅದನ್ನು ಕೊಂಬಿನ ಹಿಡಿಯ ತೂತಿಗೆ ಇಳಿಸಿ ಅರಗು ಸುರಿದು ಕೂರಿಸುತ್ತಾರೆ, ಈ ಊರಿನ ಬಿಸಿಲಿಗೆ ಅರಗು ಕರಗಿದೆ ಎಂದು ಹಿಂದಿಯಲ್ಲಿ ವಿವರಿಸಿದ. ಬಾಗಲಕೋಟೆಯವರಿಗೆ ಹಬ್ಬವಾಯಿತು.

"ನಾ ಹೇಳಿದ್ದಿಲ್ಲೇನ್ರಿ? ಇದು ಖಲಾಸ್. ಕರೀದು ತಗೋರಿ, ಮೊಳಿ ಹೊಡದದ್ದು ಅದ, ನಿಮ್ಮ ಮಮ್ಮಕ್ಕಳ ಕಾಲಕ್ಕೂ ಹಿಡಿ ಬಿಚ್ಚೂದಿಲ್ಲ."

ಯಜಮಾನರು ಒಪ್ಪಿದರು. ವಾರಗಟ್ಟಲೆಯ ಚರ್ಚೆ ಮುಗಿದದ್ದು ಹೀಗೆ. ಕಪ್ಪು ಖುಕುರಿಯನ್ನು ಕೊಳ್ಳುವುದು, ಗೋಡೆಗೆ ಮೊಳೆ ಹೊಡೆಯುವುದು ಎಂದು ನಿರ್ಧಾರವಾಯಿತು. ನಾಡಿದ್ದಿನ ಊಟದ ಮೀನನ್ನು ನಾನು ಯಾವುದರಿಂದ ಕೊಯ್ಯಬೇಕೆಂದು ಮೂವರಲ್ಲಿ ಯಾರೂ ಕೇಳಲಿಲ್ಲ.

ಚಹಾದ ಲೋಟಗಳನ್ನು ತೆಗೆಯಲು ಹೋದಾಗ, ಹಿಡಿಯಿಲ್ಲದ ಅಲಗು ಮೇಜಿನ ಮೇಲೆ ಬಿದ್ದಿತ್ತು. ಬಾಲವನ್ನು ಕೆಳಗೆ ಮಾಡಿ ನಿಲ್ಲಿಸಿ ಹಿಡಿದೆ. ಬಾಗಿದ ಬಾಯಿ ನನ್ನ ಕಡೆಗೇ ತಿರುಗಿತು. ನಮ್ಮೂರ ಕಂಬಾರ ಮೆಟ್ಟುಕತ್ತಿಗೆ ಇಡುವ ಬಾಗು ಅದೇ. ಬಾಲವಿದ್ದುದರಿಂದ ಮಣೆಗೆ ನೆಡಲು ಅಡ್ಡಿಯೂ ಇರಲಿಲ್ಲ. ಮೊಳೆ ಹೊಡೆದ ಆ ಶ್ರೇಷ್ಠ ಖುಕುರಿಯಲ್ಲಿ ಇದು ಸಾಧ್ಯವಿರಲಿಲ್ಲ.

"ಇದು ನನಗೆ ಬೇಕು," ಎಂದೆ.

"ಅದು ಹಾಳಾಗಿದೆ ಮಾರಾಯ್ತಿ," ಎಂದರು ಯಜಮಾನರು.

"ಹಿಡಿ ಹಾಳಾದದ್ದು. ಹಿಡಿ ನನಗೆ ಬೇಡ. ನಾಳೆ ನಿಮ್ಮ ವರ್ಕ್‌ಶಾಪಿನ ಬಡಗಿಯ ಹತ್ರ ಇದಕ್ಕೊಂದು ಮಣೆ ಮಾಡಿಸಿ ತನ್ನಿ. ಕಪ್ಪಿನದನ್ನು ಅವನೇ ಇಟ್ಟುಕೊಳ್ಳಲಿ."

ಮೆಟ್ಟುಕತ್ತಿ ಎಂದರೇನೆಂದು ಡ್ರೈವರ್‌ಗೆ ನಾನೇ ಹಿಂದಿಯಲ್ಲಿ ತಿಳಿಸಿದೆ. ಅವನ ಮುಖ ಬಿಗಿಯಿತು. ಅದುವರೆಗೆ ನನ್ನೊಂದಿಗೆ ತಲೆಯೆತ್ತಿ ಮಾತನಾಡದವನು ಆಗ ನೇರವಾಗಿ ನೋಡಿದ.

"ದೀದಿ, ಖುಕುರಿಗೆ ಕಾಲು ಇಡುತ್ತೀರಾ? ದಸರೆಯಲ್ಲಿ ನಾವು ಇದಕ್ಕೆ ಪೂಜೆ ಮಾಡುತ್ತೇವೆ. ಇದನ್ನು ದಾಟುವುದು ಕೂಡ ಇಲ್ಲ. ಸುಮ್ಮನೆ ವಾಪಸು ಕೊಡಿ, ಹಿಡಿ ಹಾಕಿಸುತ್ತೇನೆ."

ಸಿಟ್ಟಿನಲ್ಲಿದ್ದುದರಿಂದ ಉತ್ತರ ಬೇಗನೆ ತೋಚಿತು. "ಆಯುಧಪೂಜೆಗೆ ನಾವೂ ಮೆಟ್ಟುಕತ್ತಿಗೆ ಕುಂಕುಮ ಇಡುತ್ತೇವೆ. ಮರುದಿನ ಕಾಲಿಟ್ಟು ಮೀನು ಕೊಯ್ಯುತ್ತೇವೆ. ನಮ್ಮ ಅಜ್ಜಿಯರೆಲ್ಲ ಪಾಪಿಗಳಾ? ಗೋಡೆಗೆ ನೇತುಹಾಕಿ ಧೂಳು ಹಿಡಿಸಿದರೆ ಅದು ಮರ್ಯಾದೆಯಾ?"

ಬಾಗಲಕೋಟೆಯವರು ಖಾಲಿ ಲೋಟದಿಂದ ಚಹಾ ಕುಡಿದರು. ಕೊನೆಗೆ ಡ್ರೈವರ್ ಅಲಗನ್ನು ಎತ್ತಿ, ಅಂಟಿದ್ದ ಅರಗನ್ನು ಹೆಬ್ಬೆರಳಿನಿಂದ ಕೆರೆದು ತೆಗೆದ.

"ಕೊಯ್ಯುವ ಕೆಲಸಕ್ಕೇ ಮಾಡಿದ್ದು, ಅದು ಸರಿ," ಎಂದ. "ಆದರೆ ಕಾಲು ಕಬ್ಬಿಣಕ್ಕೂ ಬೇಡ, ಅದು ನಿಂತ ಹಲಗೆಗೂ ಬೇಡ. ಮಾತು ಕೊಡಿ, ಒಯ್ಯಿರಿ."

ಕಾಲಿಡದೆ ಮೆಟ್ಟುಕತ್ತಿಯಲ್ಲಿ ಕೊಯ್ಯುವುದು ಹೇಗೆಂದು ಆ ಕ್ಷಣ ಯೋಚಿಸಲಿಲ್ಲ. ಮಾತು ಕೊಟ್ಟೆ. ಅವನು ಅಲಗನ್ನು ನನ್ನ ಕೈಗೆ ಕೊಡಬಂದಾಗ ನೆಲಕ್ಕಿಡಲು ಹೇಳಿದೆ. ಇಟ್ಟ. ಎತ್ತಿಕೊಂಡೆ.

ಯಜಮಾನರು ಮರುದಿನ ಮಣೆ ತಂದರು. ಬಡಗಿಗೆ ಅಳತೆ ಹೇಳುವಾಗ ಕುಳಿತು ಕೊಯ್ಯುವವಳ ಬಗ್ಗೆ ಅವರು ಯೋಚಿಸಿರಲಿಲ್ಲ. ಅಲಗನ್ನು ಎರಡು ಕಬ್ಬಿಣದ ಪಟ್ಟಿಗಳ ನಡುವೆ ಬೋಲ್ಟ್ ಹಾಕಿ ಭದ್ರವಾಗಿ ನಿಲ್ಲಿಸಿದ್ದರು, ಅದರಲ್ಲಿ ದೋಷವಿಲ್ಲ; ಮಣೆ ಮಾತ್ರ ಗಿಡ್ಡವಾಗಿ, ಅದರ ಮೇಲೆ ಕೂರಲು ಜಾಗವೇ ಇರಲಿಲ್ಲ. ಕಾಲಿಡುವ ಹಾಗಿದ್ದರೆ ಅದು ಸಾಕಾಗುತ್ತಿತ್ತು. ಬದಲಾಯಿಸಲು ಸಮಯವಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೀನಿನ ರಾಶಿಯೆದುರು ನೆಲದ ಮೇಲೆ ಕುಳಿತೆ. ಮಣೆಯನ್ನು ಗೋಡೆಗೆ ಒತ್ತಿ, ಬದಿಗೆ ಎರಡು ಅಕ್ಕಿ ಚೀಲಗಳನ್ನು ಆನಿಸಿ ಇಟ್ಟೆ. ಆದರೂ ಅಂಜಲ್‌ನ ತಲೆ ಬೇರ್ಪಡಿಸುವಾಗ ಮಣೆ ಜಾರಿತು. ಯಜಮಾನರನ್ನು ಕರೆದೆ.

"ಇಲ್ಲಿ ಬಂದು ಕೈಯಲ್ಲಿ ಒತ್ತಿ ಹಿಡೀರಿ."

"ನಾನಾ? ಒಂದು ಸಲ ಕಾಲಿಟ್ಟುಬಿಡು ಮಾರಾಯ್ತಿ, ಅವನೆಂತ ನೋಡ್ಲಿಕ್ಕೆ ಬರ್ತಾನಾ?"

"ಮಾತು ಕೊಟ್ಟದ್ದು ನಾನು. ಬಗ್ಗಿ ಹಿಡೀರಿ."

ಅವರು ಮಂಡಿಯೂರಿ ಎರಡೂ ಕೈಗಳಿಂದ ಮಣೆಯನ್ನು ಒತ್ತಿ ಹಿಡಿದರು. ಮೀನಿನ ನೀರು ಅವರ ಶುಕ್ರವಾರದ ಬಿಳಿ ಅಂಗಿಗೆ ಸಿಡಿಯಿತು. ನಡುಮುಳ್ಳು ಒಂದೇ ಒತ್ತಿಗೆ ತುಂಡಾಯಿತು. ತುಂಡುಗಳು ಒಂದೇ ದಪ್ಪಕ್ಕೆ ಬಿದ್ದವು. ಕಪ್ಪು ಖುಕುರಿಯೂ ಹೀಗೇ ಕೊಯ್ಯಬಹುದಿತ್ತೇ, ಎರಡರಲ್ಲಿ ಉಕ್ಕು ಯಾವುದರದು ಹೆಚ್ಚು ಗಟ್ಟಿ ಎಂದು ಅವರು ಅಲ್ಲಿಯೂ ಆರಂಭಿಸಿದರು. ಕೈ ಸಡಿಲ ಬಿಡಬೇಡಿ ಎಂದೆ.

ಅಷ್ಟರಲ್ಲಿ ಅಕ್ಕ ಹಿಂಬಾಗಿಲಿನಿಂದ ಬಂದರು, ಏನಾದರೂ ಬೇಕೇನೋ ಎಂದು ವಿಚಾರಿಸಲು. ನೆಲದ ಮೇಲಿದ್ದ ನಮ್ಮಿಬ್ಬರನ್ನೂ, ನಡುವೆ ಹೂಬಳ್ಳಿ ಕೆತ್ತಿದ ಅಲಗನ್ನೂ ಬಾಗಿಲಲ್ಲಿ ನಿಂತು ನೋಡಿದರು.

"ಕತ್ತಿ ಒಳ್ಳೆದುಂಟು," ಎಂದರು. "ಆದ್ರೆ ಇದಕ್ಕೆ ಯಾವಾಗ್ಲೂ ಒಬ್ಬ ಗಂಡಸು ಬೇಕಾ?"

ಬೇಕು ಎಂದೆ. ಮುಂದಿನ ವಾರ ಕೂರಲು ಜಾಗವಿರುವ ಉದ್ದದ ಮಣೆ ಬರುವವರೆಗೆ ಬೇಕೇ ಆಯಿತು.